ಕಾಗದದ ರೂಪಾಯಿಗಳು

ಸಂಸ್ಕೃತ ಓದಿದವರಿಗೂ ಷೇರುಪೇಟೆಗೂ ಏನು ನಂಟು ಎಂದು ನಮ್ಮನ್ನು ಕೇಳಿದವರು ಅನೇಕರುಂಟು. ಕೇಳುವದು ಸಹಜವೇ ಸರಿ. ಬಾಲ್ಯದಲ್ಲಿ ಅಮರಕೋಶವನ್ನೂ ಶಬ್ದರೂಪಾವಲಿಯನ್ನೂ ಬಾಯಿಪಾಠ ಮಾಡಿ, ಯೌವನದಲ್ಲಿ ಕಾವ್ಯ ವ್ಯಾಕರಣಗಳ ಪರೀಕ್ಷೆಗಳನ್ನು ಮುಗಿಸಿ, ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿ, ೨೦೨೪ರಲ್ಲಿ ನಿವೃತ್ತರಾದ ನಾವು, ಕೊನೆಯ ಹತ್ತು ಹನ್ನೊಂದು ವರ್ಷಗಳಲ್ಲಿ ಅತಿಶಯ ಉತ್ಸಾಹದಿಂದ ಕಲಿಸಿದ್ದು ರಘುವಂಶವನ್ನಲ್ಲ, ಅರ್ಥಶಾಸ್ತ್ರವನ್ನು. ಅದೂ ಕೌಟಿಲ್ಯನದಲ್ಲ, ಬ್ಯಾಂಕು, ಬಡ್ಡಿ, ಪಾಲುಬಂಡವಾಳ, ಪೇಟೆಯ ಧಾರಣೆ ಇವುಗಳ ಅರ್ಥಶಾಸ್ತ್ರವನ್ನು. ಆ ಕಲಿಸುವಿಕೆಯ ಬಗೆಯನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಇದರಲ್ಲಿ ಶಾಲೆಯ ಮಾತಿಗಿಂತ ಮನೆಯ ಮಾತೇ ಹೆಚ್ಚಾಗಿ ಬಂದೀತು.

ನಮ್ಮ ರಾಜ್ಯದ ಪ್ರೌಢಶಾಲೆಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ಭೂಗೋಳಗಳ ಜೊತೆಗೆ ಅರ್ಥಶಾಸ್ತ್ರವೂ ವ್ಯವಹಾರ ಅಧ್ಯಯನವೂ ಕೆಲವು ಪಾಠಗಳಾಗಿ ಸೇರಿವೆ. ೨೦೧೩ರಲ್ಲಿ ನಾವು ಶಹಾಪುರದಲ್ಲಿದ್ದಾಗ ಆ ವಿಷಯದ ಶಿಕ್ಷಕರ ಸ್ಥಾನ ತೆರವಾಗಿ, ಹೊಸಬರು ಬರುವವರೆಗೆ ಆ ಭಾರವು ನಮ್ಮ ಹೆಗಲಿಗೆ ಬಂದಿತು. ಹೊಸಬರು ಬರಲಿಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನಮ್ಮ ಭಾಗದ ಶಾಲೆಗಳನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಕಿಟಕಿಯಾಚೆಗೆ ಮಲಗಿದ ಬುದ್ಧನಂತೆ ತೋರುವ ಆ ಪ್ರಸಿದ್ಧವಾದ ಬೆಟ್ಟ. ಕಿಟಕಿಯೀಚೆಗೆ ಬುದ್ಧನಿಗಿಂತಲೂ ಗಾಢವಾಗಿ ತೂಕಡಿಸುವ ಐವತ್ತು ಮಕ್ಕಳು. ಷೇರು ಎಂದರೇನೆಂದು ಕೇಳಿದರೆ, ಕಂಪನಿಯ ಬಂಡವಾಳದ ಒಂದು ಭಾಗವೆಂದು ಎಲ್ಲರೂ ಒಂದೇ ರಾಗದಲ್ಲಿ ಒಪ್ಪಿಸಿದರು. "ಆ ಭಾಗವನ್ನು ಕೊಂಡವನಿಗೆ ಏನು ಸಿಗುತ್ತದೆ?" ಎಂದೆವು. ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, "ಎರಡು ಮಾರ್ಕ್ಸ್ ಸಿಗತಾವ್ರಿ ಸರ್" ಎಂದನು. ಅವನು ಚೇಷ್ಟೆಗಾಗಿ ಹೇಳಲಿಲ್ಲ. ಅವನಿಗೆ ತಿಳಿದ ಸತ್ಯವನ್ನೇ ಹೇಳಿದನು.

ಈಜನ್ನು ಗ್ರಂಥದಿಂದ ಕಲಿಸಲು ಬಾರದಷ್ಟೆ. ಹಣದ ವಿಷಯವೂ ಅಂಥದೇ. ಆದರೆ ಮಕ್ಕಳ ಕೈಗೆ ನಿಜವಾದ ಹಣವನ್ನು ಕೊಡುವಂತಿಲ್ಲ. ನಮ್ಮಲ್ಲಿಯೂ ಇಲ್ಲ, ಅವರ ಮನೆಗಳಲ್ಲಿಯೂ ಇಲ್ಲ. ಆದಕಾರಣ ಕಾಗದದ ಹಣದಿಂದ ಒಂದು ಆಟವನ್ನು ಹೂಡಿದೆವು. ಇಂಥ ಆಟವು ಅಮೇರಿಕೆಯ ಶಾಲೆಗಳಲ್ಲಿ ೧೯೭೭ರಿಂದ ನಡೆದುಬಂದಿದೆ. ಅಲ್ಲಿ ಮಕ್ಕಳ ತಂಡಕ್ಕೆ ಒಂದು ಲಕ್ಷ ಡಾಲರುಗಳ ಹುಸಿ ಬಂಡವಾಳವನ್ನು ಕೊಟ್ಟು, ನಿಜವಾದ ಧಾರಣೆಗಳಲ್ಲಿ ಷೇರುಗಳನ್ನು ಕೊಂಡು ಮಾರುವಂತೆ ಬಿಡುತ್ತಾರೆ. ಅದರ ವೃತ್ತಾಂತವನ್ನು ಓದಿದಾಗ ನಮಗೆ ಒಂದು ಸಂಶಯ ಬಂದಿತು. ಕೆಲವೇ ವಾರಗಳ ಆಟದಲ್ಲಿ ಗೆಲ್ಲುವವನು ಯಾರು? ವಿಚಾರವಂತನಲ್ಲ, ಇದ್ದುದೆಲ್ಲವನ್ನೂ ಒಂದೇ ಕಡೆಗೆ ಸುರಿದು, ದೈವವಶದಿಂದ ಅದು ಏರಿದವನು. ಅವನಿಗೆ ಬಹುಮಾನ ಕೊಟ್ಟರೆ ಉಳಿದವರು ಕಲಿಯುವದೇನು? ಆದುದರಿಂದ ನಮ್ಮ ಆಟದ ನಿಬಂಧನೆಗಳನ್ನು ಮೊದಲಿನಿಂದಲೇ ಬೇರೆ ರೀತಿಯಲ್ಲಿ ಕಟ್ಟಿದೆವು.

ನಾಲ್ವರು ಮಕ್ಕಳಿಗೆ ಒಂದು ಅಂಗಡಿ. ಜುಲೈ ತಿಂಗಳ ಮೊದಲ ಶನಿವಾರ ಪ್ರತಿಯೊಂದು ಅಂಗಡಿಗೆ ಹತ್ತು ಸಾವಿರ ರೂಪಾಯಿ. ಹಳೆಯ ಪುಸ್ತಕಗಳ ಹಾಳೆಗಳನ್ನು ಕತ್ತರಿಸಿ ನೋಟುಗಳನ್ನು ಮಕ್ಕಳೇ ಬರೆದುಕೊಳ್ಳತಕ್ಕದ್ದು, ಅವುಗಳ ಮೇಲೆ ನಮ್ಮ ಸಹಿ. ಈ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿಡಬಹುದು, ಬಂಗಾರ ಕೊಳ್ಳಬಹುದು, ತೊಗರಿಯನ್ನೋ ಹತ್ತಿಯನ್ನೋ ಕೊಂಡು ಉಗ್ರಾಣದಲ್ಲಿಡಬಹುದು, ನಾವು ಆರಿಸಿಕೊಟ್ಟ ಹನ್ನೆರಡು ಕಂಪನಿಗಳ ಷೇರು ಕೊಳ್ಳಬಹುದು, ಇಲ್ಲವೆ ಮತ್ತೊಂದು ಅಂಗಡಿಗೆ ಬಡ್ಡಿಗೆ ಕೊಡಬಹುದು. ಬಡ್ಡಿಯ ದರವನ್ನು ಊರಿನ ಬ್ಯಾಂಕಿನ ಫಲಕದಿಂದಲೂ, ತೊಗರಿ ಹತ್ತಿಗಳ ಧಾರಣೆಯನ್ನು ಎ.ಪಿ.ಎಂ.ಸಿ. ಅಂಗಳದಿಂದಲೂ, ಬಂಗಾರ ಮತ್ತು ಷೇರುಗಳದನ್ನು ಶನಿವಾರದ ವರ್ತಮಾನಪತ್ರಿಕೆಯಿಂದಲೂ ಬರೆದು ತರಬೇಕು. ಕೊಂಡರೂ ಮಾರಿದರೂ ನೂರಕ್ಕೊಂದು ದಲಾಲಿ. ಉಗ್ರಾಣಕ್ಕೆ ಬಾಡಿಗೆ. ಪ್ರತಿಯೊಂದು ವ್ಯವಹಾರವನ್ನೂ ಕಿರ್ದಿಯಲ್ಲಿ ಬರೆದು, ಅದರ ಎದುರಿಗೆ ಕಾರಣವನ್ನು ಒಂದು ವಾಕ್ಯದಲ್ಲಿ ಕಾಣಿಸತಕ್ಕದ್ದು. ವರ್ಷದ ಕೊನೆಗೆ ಹೆಚ್ಚು ಹಣ ಮಾಡಿದ ಅಂಗಡಿಗೆ ಬಹುಮಾನವಿಲ್ಲ. ಯಾರ ಕಿರ್ದಿಯು ಶುದ್ಧವಾಗಿಯೂ ಯಾರ ಕಾರಣಗಳು ಪ್ರಾಮಾಣಿಕವಾಗಿಯೂ ಇವೆಯೋ ಅವರಿಗೆ ನಾಲ್ಕು ಮಸಿಯ ಪೆನ್ನುಗಳು. "ನಮ್ಮ ಮಾವ ಹೇಳಿದ್ದಕ್ಕ ತೊಗೊಂಡ್ವಿ" ಎಂಬುದೂ ಪ್ರಾಮಾಣಿಕವಾದ ಕಾರಣವೇ. ಅದನ್ನು ಬರೆದ ಅಂಗಡಿಯು ಅಂಕ ಕಳೆದುಕೊಳ್ಳಲಿಲ್ಲ. ನಮ್ಮ ಮನೆಯವರು ಮಾತ್ರ, ಮನೆಯ ಹಾಲಿನ ಲೆಕ್ಕವನ್ನು ಎಂದೂ ಬರೆಯದವರು ಊರ ಮಕ್ಕಳಿಂದ ಕಿರ್ದಿ ಬರೆಸುತ್ತಾರೆಂದು ನಗುತ್ತಿದ್ದರು.

ಇನ್ನೊಂದು ನಿಬಂಧನೆಯುಂಟು, ಆಟದ ಜೀವವೇ ಅದು. ಮೇಜಿನ ಮೇಲೆ ಒಂದು ಮಣ್ಣಿನ ಗಡಿಗೆಯಿರುತ್ತಿತ್ತು. ತಿಂಗಳಿಗೊಮ್ಮೆ ಪ್ರತಿ ಅಂಗಡಿಯವರೂ ಅದರೊಳಗಿನಿಂದ ಒಂದು ಚೀಟಿಯನ್ನು ಎತ್ತಬೇಕು. ಒಂದರಲ್ಲಿ ಎತ್ತು ಸತ್ತಿತೆಂದೂ, ಒಂದರಲ್ಲಿ ಅಕ್ಕನ ಮದುವೆಯೆಂದೂ, ಒಂದರಲ್ಲಿ ಅಪ್ಪನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿತೆಂದೂ ಬರೆದು, ಕೆಳಗೆ ಇಷ್ಟು ರೂಪಾಯಿ ಎಂದು ಕಾಣಿಸಿರುವದು. ಆ ಹಣವನ್ನು ಅಂದೇ ಕಟ್ಟಬೇಕು. ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಇದ್ದುದನ್ನು ಅಂದಿನ ಧಾರಣೆಗೆ ಮಾರಬೇಕು. ಮಕ್ಕಳು ಇದಕ್ಕೆ ಹಣೆಬರಹದ ಗಡಿಗೆಯೆಂದು ಹೆಸರಿಟ್ಟರು.

ಈ ಕೆಲಸದಲ್ಲಿ ನಮ್ಮ ಸಂಸ್ಕೃತವು ನಿರುಪಯೋಗಿಯಾಗಲಿಲ್ಲ. ಮೈಸೂರಿನ ರುದ್ರಪಟ್ಟಣ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಕೂಡಿಸಿ ವಾರ್ತಾ ಎಂಬ ಒಂದೇ ವಿದ್ಯೆಯೆಂದು ಎಣಿಸಿರುವದನ್ನು ಸಂಸ್ಕೃತಜ್ಞರು ಬಲ್ಲರು. ಒಕ್ಕಲುತನ ಬೇರೆ, ವ್ಯಾಪಾರ ಬೇರೆ ಎಂದು ನಾವು ಈಗ ಮಾಡುವ ಭೇದ ಅಲ್ಲಿಲ್ಲ. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ಯಾದಗಿರಿಗೆ ಹತ್ತಿರದಲ್ಲಿಯೇ ಇರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಅವಧಿಗಳನ್ನು ಕೂಡಿಸಿ ಬಿಡಿಸುವ ಲೆಕ್ಕಗಳೂ, ಪಾಲುದಾರರಿಗೆ ಲಾಭವನ್ನು ಹಂಚುವ ಲೆಕ್ಕಗಳೂ ಧಾರಾಳವಾಗಿವೆ. ಕಲಬುರಗಿ ಸೀಮೆಯ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವೇ ಉಂಟು. ಕೂಡಿ ವ್ಯಾಪಾರ ಮಾಡುವ ವಣಿಜರು ತಾವು ಹಾಕಿದ ದ್ರವ್ಯದ ಪ್ರಮಾಣದಿಂದಲೋ ಮೊದಲು ಮಾಡಿಕೊಂಡ ಒಪ್ಪಂದದಂತೆಯೋ ಲಾಭವನ್ನೂ ನಷ್ಟವನ್ನೂ ಹಂಚಿಕೊಳ್ಳತಕ್ಕದ್ದೆಂಬುದು ಅದರ ಸಾರ. ಷೇರು ಎಂದರೆ ಇದೇ ಎಂದು ಹೇಳಿದಾಗ ಮಕ್ಕಳ ಮುಖದಲ್ಲಿ ಬೆಳಕು ಕಂಡಿತು. ಮುಂಬಯಿಯ ಯಾವುದೋ ಎತ್ತರದ ಕಟ್ಟಡದ ವಿದ್ಯೆಯೆಂದು ಅವರು ಅಂಜಿದ್ದು, ತಮ್ಮ ಜಿಲ್ಲೆಯ ಮಗ್ಗುಲಲ್ಲಿ ಒಂಬೈನೂರು ವರ್ಷಗಳ ಹಿಂದೆ ಬರೆದಿಟ್ಟ ಮಾತಾಗಿತ್ತು. ಬಡ್ಡಿಗೆ ಸಂಸ್ಕೃತದಲ್ಲಿ ವೃದ್ಧಿಯೆಂದು ಹೆಸರು. ಬೆಳವಣಿಗೆಗೂ ಅದೇ ಹೆಸರು. ಯಾರ ಬೆಳವಣಿಗೆ ಎಂದು ಒಬ್ಬ ಹುಡುಗಿಯು ಕೇಳಿದಳು. ಪ್ರಶ್ನೆಯು ವ್ಯಾಕರಣದ್ದಲ್ಲವಾದರೂ ಬಹಳ ಚೆನ್ನಾಗಿತ್ತು.

ಮೊದಲನೆಯ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ಒಬ್ಬ ಒಕ್ಕಲಿಗರು ಶಾಲೆಗೆ ಬಂದರು. ತಲೆಗೆ ರುಮಾಲು, ಮುಖದಲ್ಲಿ ಸಿಟ್ಟು. "ಸರ್, ನೀವು ಗಡಿಗ್ಯಾಗಿಂದ ಚೀಟಿ ಎತ್ತಸ್ತೀರಂತ. ರೊಕ್ಕ ಹಚ್ಚಸ್ತೀರಂತ. ನಮ್ಮ ಅಣ್ಣ ಇದೇ ಮಟಕಾದಾಗ ಎರಡು ಎಕರೆ ಹೊಲ ಕಳಕೊಂಡಾನ್ರಿ. ಅವನ ಹೆಂಡತಿ ಮಕ್ಕಳು ಇವತ್ತಿಗೂ ಪುಣೆಕ್ಕ ದುಡಿಯಾಕ ಹೋಗ್ತಾರ. ನಮ್ಮ ಹುಡುಗಗ ಅದು ಬ್ಯಾಡ್ರಿ" ಎಂದರು. ಮಾತಿನಲ್ಲಿ ಒರಟುತನವಿರಲಿಲ್ಲ, ಭಯವಿತ್ತು. ಇಂಥ ಭಯವನ್ನು ನಗೆಯಾಡಿ ಕಳಿಸತಕ್ಕದ್ದಲ್ಲ. ಕುಳ್ಳಿರಿಸಿ ನೀರು ಕೊಟ್ಟೆವು. ಬರುವ ಶನಿವಾರದ ಪಾಠಕ್ಕೆ ಅವರೇ ಬಂದು ನೋಡಬೇಕೆಂದು ಪ್ರಾರ್ಥಿಸಿದೆವು. ಅವರು ಬಂದರು.

ಆ ದಿನ ನಾವು ಮಟಕಾದ ಚರಿತ್ರೆಯನ್ನೇ ಪಾಠವಾಗಿ ಹೇಳಿದೆವು. ಅದರ ಮೂಲವಿರುವದು ಹತ್ತಿಯಲ್ಲಿ ಎಂಬುದು ನಮ್ಮ ಹತ್ತಿಯ ಸೀಮೆಯಲ್ಲಿಯೇ ಬಹು ಜನರಿಗೆ ತಿಳಿಯದು. ನ್ಯೂಯಾರ್ಕಿನ ಹತ್ತಿಯ ಪೇಟೆಯ ಆರಂಭದ ಮತ್ತು ಮುಕ್ತಾಯದ ಧಾರಣೆಗಳು ತಂತಿಯ ಮೂಲಕ ಮುಂಬಯಿಯ ಹತ್ತಿಯ ಪೇಟೆಗೆ ಬರುತ್ತಿದ್ದವು. ಆ ಅಂಕಿಗಳು ಏನಾಗಿ ಬಂದಾವೆಂದು ಜನರು ಹಣ ಕಟ್ಟುತ್ತಿದ್ದರು. ೧೯೬೦ರ ದಶಕದ ಆರಂಭದಲ್ಲಿ ಆ ಧಾರಣೆಗಳು ಬರುವದು ನಿಂತಿತು. ಜೂಜು ನಿಲ್ಲಲಿಲ್ಲ! ಅಂಕಿ ಬರೆದ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತಲಾರಂಭಿಸಿದರು. ಮಡಕೆಗೆ ಹಿಂದಿಯಲ್ಲಿ ಮಟಕಾ. ಓಪನ್, ಕ್ಲೋಸ್ ಎಂದು ಇಂದಿಗೂ ಆಡುವವರು ಹೇಳುವ ಶಬ್ದಗಳು ಆ ಹತ್ತಿಯ ಧಾರಣೆಯ ಅವಶೇಷಗಳೇ. ಹತ್ತಿ ಹೋಯಿತು, ಬರಿಯ ಅಂಕಿ ಉಳಿಯಿತು. ಜೂಜಿನಲ್ಲಿ ಹೊಸದಾಗಿ ಏನೂ ಹುಟ್ಟುವದಿಲ್ಲ; ಒಬ್ಬನ ಜೇಬಿನದು ಮತ್ತೊಬ್ಬನ ಜೇಬಿಗೆ ಹೋಗುತ್ತದೆ, ನಡುವೆ ಆಡಿಸುವವನು ತನ್ನ ಪಾಲನ್ನು ಇಟ್ಟುಕೊಳ್ಳುತ್ತಾನೆ. ನಮ್ಮ ಗಡಿಗೆಯಲ್ಲಿ ಗೆಲುವಿನ ಚೀಟಿಯೇ ಇಲ್ಲವೆಂಬುದನ್ನೂ ಅವರಿಗೆ ತೋರಿಸಿದೆವು.

ಬಳಿಕ ಆ ಗೃಹಸ್ಥರನ್ನೇ ಮುಂದೆ ಕರೆದು, ಒಂದು ಎಕರೆ ಹತ್ತಿಗೆ ಏನೇನು ಖರ್ಚೆಂದು ಮಕ್ಕಳಿಗೆ ಹೇಳಬೇಕೆಂದು ಕೇಳಿಕೊಂಡೆವು. ಬೀಜ, ಗೊಬ್ಬರ, ಎಣ್ಣೆ ಹೊಡೆಯುವದು, ಕಳೆ, ಬಿಡಿಸುವ ಕೂಲಿ, ಅಡತಿ ಅಂಗಡಿಯವರೆಗೆ ಗಾಡಿಯ ಬಾಡಿಗೆ, ತೂಕ, ಹಮಾಲಿ ಎಂದು ಅವರು ಹೇಳುತ್ತ ಹೋದಂತೆ ಮಕ್ಕಳು ಫಲಕದ ಮೇಲೆ ಬರೆದರು. ಇಪ್ಪತ್ತೆರಡು ಸಾವಿರವಾಯಿತು. ಎಂಟು ಕ್ವಿಂಟಲು ಬೆಳೆದು, ಕ್ವಿಂಟಲಿಗೆ ನಾಲ್ಕೂವರೆ ಸಾವಿರ ಬಂದರೆ ಮೂವತ್ತಾರು ಸಾವಿರ; ಉಳಿಯುವದು ಹದಿನಾಲ್ಕು. ಅಷ್ಟರಲ್ಲಿ ಅವರ ಮಗನೇ ಎದ್ದು, "ಅಪ್ಪಾ, ಅವ್ವನ ಕೂಲಿ ಬರಸಲೇ ಇಲ್ಲಲ್ಲ" ಎಂದನು. ತರಗತಿಯಲ್ಲಿ ನಿಶ್ಶಬ್ದ. ತಾಯಿಯ ಕೂಲಿಯನ್ನೂ ತಂದೆಯ ಕೂಲಿಯನ್ನೂ ದಿನಗಳ ಲೆಕ್ಕದಿಂದ ಹಾಕಿದಾಗ ಆ ಹದಿನಾಲ್ಕು ಸಾವಿರದಲ್ಲಿ ಉಳಿದದ್ದು ಬಹಳ ಸ್ವಲ್ಪ. ಆ ಮನುಷ್ಯರು ಫಲಕವನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ನಾನೂ ಜೂಜ ಆಡಾಕತ್ತೀನಿ ಅನ್ರಿ" ಎಂದರು. ಅಲ್ಲವೆಂದು ನಾವು ಹೇಳಿದೆವು. ಅವರ ಹೊಲದಲ್ಲಿ ಹತ್ತಿ ಹುಟ್ಟುತ್ತದೆ, ಅದರಿಂದ ನಾಲ್ಕು ಜನರ ಮೈಮೇಲೆ ಬಟ್ಟೆಯಾಗುತ್ತದೆ, ಗಂಡಾಂತರವುಂಟು, ಜೂಜಿಲ್ಲ. ಗಂಡಾಂತರವನ್ನು ಅಳೆಯುವದು ಹೇಗೆಂಬುದಷ್ಟೇ ಈ ಆಟ. ಅವರ ಮಗನು ಆಟದಲ್ಲಿ ಉಳಿದನು. ಅವರು ಆಮೇಲೆ ಎರಡು ಸಲ ತಾವಾಗಿಯೇ ಶನಿವಾರ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಹೋದರು.

೨೦೧೬ರ ಆಟವನ್ನು ನಾವು ಮರೆಯುವಂತಿಲ್ಲ. ಹಿಂದಿನ ವರ್ಷ ತೊಗರಿಬೇಳೆಯು ಪೇಟೆಯಲ್ಲಿ ಕಿಲೋಗೆ ಇನ್ನೂರು ರೂಪಾಯಿಯ ಹತ್ತಿರ ಹೋದುದನ್ನು ಗೃಹಿಣಿಯರು ಮರೆತಿರಲಾರರು. ಮಕ್ಕಳೂ ಮರೆತಿರಲಿಲ್ಲ. ಹದಿಮೂರು ಅಂಗಡಿಗಳಲ್ಲಿ ಹತ್ತು ಅಂಗಡಿಗಳು ಅರ್ಧಕ್ಕಿಂತ ಹೆಚ್ಚು ಬಂಡವಾಳವನ್ನು ತೊಗರಿಯಲ್ಲಿ ಹಾಕಿದವು. ಕಾರಣದ ಅಂಕಣದಲ್ಲಿ ಒಂದೇ ವಾಕ್ಯ, ಹೋದ ವರ್ಷ ಏರಿತ್ತು. ಅವರ ತಂದೆಗಳೂ ಅದೇ ಕಾರಣದಿಂದ ಹೆಚ್ಚಿನ ಹೊಲಕ್ಕೆ ತೊಗರಿಯನ್ನೇ ಬಿತ್ತಿದ್ದರು. ದೇಶದಲ್ಲೆಲ್ಲ ಹಾಗೆಯೇ ಆಗಿತ್ತು. ಮಳೆಯೂ ಕೂಡಿಬಂದು, ೨೦೧೫-೧೬ರಲ್ಲಿ ಇಪ್ಪತ್ತೈದು ಲಕ್ಷ ಟನ್ನುಗಳ ಸುಮಾರಿಗಿದ್ದ ದೇಶದ ಬೆಳೆಯು ಮರುವರ್ಷ ಹತ್ತಿರ ಹತ್ತಿರ ಎರಡರಷ್ಟಾಯಿತು. ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಪ್ರೋತ್ಸಾಹಧನ ಸಹಿತ ಕ್ವಿಂಟಲಿಗೆ ೫,೦೫೦ ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತಲೂ ಕೆಳಗಿಳಿಯಿತು. ಮಕ್ಕಳ ಕಾಗದದ ತೊಗರಿ ಉಗ್ರಾಣದಲ್ಲಿ ಕರಗುತ್ತಿರುವಾಗಲೇ ಅವರ ಮನೆಯ ನಿಜವಾದ ತೊಗರಿ ಅಂಗಳದಲ್ಲಿ ಚೀಲಗಳಾಗಿ ಬಿದ್ದಿತ್ತು. ಎಲ್ಲರೂ ಏರಿದ್ದನ್ನು ನೋಡಿ ಬಿತ್ತಿದರೆ ಏನಾಗುವದೆಂಬುದನ್ನು ನಾವು ವಿವರಿಸಬೇಕಾಗಿ ಬರಲಿಲ್ಲ.

ಅದೇ ವರ್ಷ ನವೆಂಬರ್ ೮ರ ರಾತ್ರಿ ಐನೂರು ಮತ್ತು ಸಾವಿರದ ನೋಟುಗಳು ಚಲಾವಣೆಯಿಂದ ರದ್ದಾದವು. ಮರುದಿನ ತರಗತಿಗೆ ಕಾಲಿಟ್ಟೊಡನೆ ಒಬ್ಬಳು ತನ್ನ ಕಾಗದದ ನೋಟುಗಳನ್ನು ಹಿಡಿದು ನಿಂತು, "ಸರ್, ನಮ್ಮ ಐನೂರರ ನೋಟೂ ನಡೆಯೂದಿಲ್ಲೇನ್ರಿ?" ಎಂದು ಗಾಬರಿಯಿಂದ ಕೇಳಿದಳು. ನಮ್ಮ ಸಹಿಯಿರುವವರೆಗೆ ನಡೆಯುತ್ತದೆಂದು ಆಶ್ವಾಸನೆ ಕೊಟ್ಟೆವು. ಆ ವಾರ ಇನ್ನೊಬ್ಬ ಹುಡುಗನು ಅಜ್ಜಿಯ ಪೆಟ್ಟಿಗೆಯಿಂದ ನಿಜಾಮ ಸರ್ಕಾರದ ಒಂದು ಹಾಲಿ ಸಿಕ್ಕಾ ರೂಪಾಯಿಯನ್ನು ತಂದನು. ಅಂಥ ಏಳು ರೂಪಾಯಿಗೆ ಇಂಗ್ಲೀಷರ ಆರು ರೂಪಾಯಿಯ ಬೆಲೆಯೆಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ನಮ್ಮ ಸೀಮೆಯವರು ಒಂದು ನಾಣ್ಯವು ಪೂರ್ತಿಯಾಗಿ ಇಲ್ಲದಾದುದನ್ನು ಅದಕ್ಕೂ ಮೊದಲೇ ಒಮ್ಮೆ ಕಂಡವರು. ಹಣವೆಂಬುದು ನಂಬಿಕೆಯೆಂಬ ಪಾಠವನ್ನು ಪುಸ್ತಕದಲ್ಲಿ ಹುಡುಕುವ ಕಾರಣವೇ ಇರಲಿಲ್ಲ.

ಆಮೇಲೆ ನಮಗೆ ಸುರಪುರಕ್ಕೆ ವರ್ಗವಾಯಿತು. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ೧೮೪೦ರ ದಶಕದಲ್ಲಿ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬರು ಕಟ್ಟಿಸಿದ್ದು. ನಿಜಾಮರಿಗೆ ಸಲ್ಲಬೇಕಾಗಿದ್ದ ಪೇಷ್ಕಷಿನ ಬಾಕಿಯೂ ಸಾಲವೂ ಆ ಸಂಸ್ಥಾನವನ್ನು ಎಷ್ಟು ಕಾಡಿದವೆಂಬುದನ್ನು ಮಕ್ಕಳು ಮೊದಲ ಶನಿವಾರವೇ ಕೇಳಿದರು. ಅರಸರ ಮನೆಗೂ ಸಾಲವಿತ್ತೆಂದರೆ ಬಡವರ ಮಕ್ಕಳಿಗೆ ಏನೋ ಒಂದು ಸಮಾಧಾನ.

೨೦೧೯ರ ಜುಲೈಯಲ್ಲಿ ಆರಂಭವಾದ ಆಟದಲ್ಲಿ ಒಂದು ಅಂಗಡಿಯ ಹುಡುಗರು ಬಹಳ ಚುರುಕು. ಠೇವಣಿಯನ್ನು ಮುದುಕರ ಕೆಲಸವೆಂದು ಹೀಯಾಳಿಸಿ, ಎಲ್ಲವನ್ನೂ ಷೇರಿಗೆ ಹಾಕಿದ್ದರು. ಜನವರಿಯಲ್ಲಿ ಮುಂಬಯಿಯ ಸೂಚ್ಯಂಕವು ೪೨,೦೦೦ವನ್ನು ದಾಟಿ ಮುಟ್ಟಿದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಪಕ್ಕದ ಅಂಗಡಿ ನಾಲ್ವರು ಹುಡುಗಿಯರದು. ಅವರು ಮೂರರಲ್ಲೊಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಗಡಿಗೆಯ ಸಲುವಾಗಿ ಎಂದು ಕಿರ್ದಿಯಲ್ಲಿ ಬರೆದಿದ್ದರು. ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದವು. ಮಾರ್ಚ್ ೨೩ರಂದು ಒಂದೇ ದಿನದಲ್ಲಿ ಸೂಚ್ಯಂಕವು ೩,೯೩೫ ಅಂಶ ಕುಸಿದು ೨೫,೯೮೧ಕ್ಕೆ ನಿಂತಿತು. ಆ ರಾತ್ರಿ ಚುರುಕಾದ ಅಂಗಡಿಯ ಹುಡುಗನೊಬ್ಬನು ದೂರವಾಣಿಯಲ್ಲಿ, "ಸರ್, ಕಿರ್ದಿ ಮುಗಸಬೇಕೇನ್ರಿ, ಇಲ್ಲಾ ಹಂಗ ಬಿಡಬೇಕೇನ್ರಿ?" ಎಂದು ಕೇಳಿದನು. ಮುಗಿಸೆಂದೆವು. ಅವನು ಮುಗಿಸಿದನು, ಅಕ್ಷರಗಳು ಮಾತ್ರ ಮೊದಲಿನಂತಿರಲಿಲ್ಲ.

ಆ ವರ್ಷದ ನವೆಂಬರಿಗೆ ಸೂಚ್ಯಂಕವು ಜನವರಿಯ ಎತ್ತರವನ್ನು ಮೀರಿ ಹೋಯಿತು. ಸುಮ್ಮನೆ ಕಾದಿದ್ದರೆ ಯಾರಿಗೂ ನಷ್ಟವಿಲ್ಲವೆಂದು ಪಂಡಿತರು ಪತ್ರಿಕೆಗಳಲ್ಲಿ ಬರೆದರು. ಬರೆದುದು ನಿಜ, ಆದರೆ ಕಾಯಬಲ್ಲವರು ಯಾರು? ಅದೇ ಮೇ ತಿಂಗಳಲ್ಲಿ ಮುಂಬಯಿ ಮಹಾರಾಷ್ಟ್ರಗಳಿಗೆ ದುಡಿಯಹೋದ ನಮ್ಮ ಜಿಲ್ಲೆಯ ಜನರು ಗುಂಪು ಗುಂಪಾಗಿ ಮರಳಿ ಬಂದು, ಊರೂರಿನ ಶಾಲೆಗಳಲ್ಲಿ ದಿಗ್ಬಂಧನದಲ್ಲಿ ಕುಳಿತರು. ಕೂಲಿ ನಿಂತಿತು. ಹೆಣ್ಣುಮಕ್ಕಳ ಕಿವಿಯೋಲೆಗಳು ಅಡವಿಗೆ ಹೋದವು. ಆ ಕಾಲದಲ್ಲಿ ಎಲ್ಲರ ಕೈಗೂ ಗಡಿಗೆಯಿಂದ ಒಂದೇ ಚೀಟಿ ಬಂದಿತ್ತು. ಆರು ತಿಂಗಳ ಅನ್ನಕ್ಕೆ ಬೇಕಾದ ಹಣವನ್ನು ಏರಿಳಿಯುವ ವಸ್ತುವಿನಲ್ಲಿ ಇಡತಕ್ಕದ್ದಲ್ಲವೆಂಬುದನ್ನು ಆ ಹುಡುಗಿಯರು ಹದಿನಾಲ್ಕನೆಯ ವಯಸ್ಸಿನಲ್ಲಿ ಕಂಡುಕೊಂಡಿದ್ದರು. ಅನೇಕ ಪದವೀಧರರು ಇನ್ನೂ ಕಂಡಿಲ್ಲ.

ಇನ್ನು ಹೇಳತಕ್ಕ ಮಾತು ಷೇರಿನದಲ್ಲ. ೨೦೨೨ರ ಹತ್ತಿಯ ಕಾಲದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ವಾರಕ್ಕೆರಡು ದಿನ ತಪ್ಪುತ್ತಿದ್ದಳು. ಹತ್ತಿ ಬಿಡಿಸಲು ಹೋಗುತ್ತಾಳೆಂದು ತಿಳಿಯಿತು. ನಮ್ಮ ಭಾಗದಲ್ಲಿ ಇದು ಹೊಸದಲ್ಲವಾದರೂ ಆಕೆಯು ಲೆಕ್ಕದಲ್ಲಿ ಬಹಳ ಜಾಣೆ. ಕರೆದು ಕೇಳಿದಾಗ, ತಾಯಿಯು ವಾರದ ಸಾಲ ತೆಗೆದಿದ್ದಾಳೆ, ಕಂತಿಗೆ ಸಾಲದು, ಆದಕಾರಣ ತಾನೂ ಹೋಗಬೇಕು, ಬಹುಶಃ ಸಂಕ್ರಾಂತಿಯಾದ ಮೇಲೆ ಶಾಲೆಯನ್ನೇ ಬಿಡಿಸುವರು ಎಂದಳು. ಎಷ್ಟು ಸಾಲ? ಹತ್ತು ಸಾವಿರ. ಬಡ್ಡಿಯೆಷ್ಟು? ನೂರಕ್ಕೆ ಹದಿನೈದಂತೆ, ಬ್ಯಾಂಕಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಎಂದು ಕೊಟ್ಟವನು ಹೇಳಿದ್ದಾನೆ. ಕೊಡುವಾಗಲೇ ಸಾವಿರದ ಐನೂರನ್ನು ಹಿಡಿದುಕೊಂಡು ೮,೫೦೦ ಕೊಟ್ಟಿದ್ದನು. ಹತ್ತು ವಾರ, ವಾರಕ್ಕೆ ಸಾವಿರ.

ಹೆಸರನ್ನು ಹೇಳದೆ, ಒಂದು ಅಂಗಡಿಯ ಸಾಲವೆಂದು, ಶನಿವಾರ ಇದನ್ನೇ ಫಲಕದ ಮೇಲೆ ಬರೆದೆವು. ಲೆಕ್ಕ ಮಾಡಲು ಆಕೆಯೇ ಎದ್ದು ಬಂದಳು. ಕೈಗೆ ಬಂದದ್ದು ೮,೫೦೦. ವಾರಕ್ಕೆ ನೂರಕ್ಕೆ ಒಂದೆಂದು ಹಿಡಿದರೆ ಹತ್ತು ವಾರಗಳ ಮೊದಲೇ ಸಾಲ ತೀರಿಹೋಗುತ್ತದೆ. ಎರಡೆಂದು ಹಿಡಿದರೂ ತೀರುತ್ತದೆ. ಮೂರೆಂದು ಹಿಡಿದಳು. ಮೊದಲ ವಾರ ಬಡ್ಡಿ ೨೫೫, ಸಾವಿರ ಕಟ್ಟಿದರೆ ಉಳಿದದ್ದು ೭,೭೫೫. ಎರಡನೆಯ ವಾರದ ಕೊನೆಗೆ ೬,೯೮೮. ಹೀಗೆ ಇಳಿಯುತ್ತ ಹತ್ತನೆಯ ವಾರಕ್ಕೆ ಲೆಕ್ಕವು ಹೆಚ್ಚುಕಡಿಮೆ ಸರಿಯಾಗಿ ಮುಗಿಯಿತು. ನಿಜವಾದ ದರವು ಮೂರಕ್ಕಿಂತ ಒಂದು ಕೂದಲೆಳೆ ಮೇಲೆ. ವರ್ಷಕ್ಕೆ ಐವತ್ತೆರಡು ವಾರ. ನೂರಕ್ಕೆ ನೂರಾ ಐವತ್ತಕ್ಕೂ ಮೇಲೆ! ಹದಿನೈದು ಎಂದದ್ದು ಹತ್ತು ವಾರಗಳ ಮಾತು, ಅದೂ ಪೂರ್ತಿ ಹಣವನ್ನು ಪೂರ್ತಿ ಕಾಲ ಇಟ್ಟುಕೊಂಡಿದ್ದರೆ. ಆಕೆಯು ಸೀಮೆಸುಣ್ಣವನ್ನು ಕೆಳಗಿಟ್ಟು, ಯಾರನ್ನೂ ನೋಡದೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಆ ಹಾಳೆಯನ್ನು ಆಕೆಯು ಮನೆಗೆ ಒಯ್ದಳು. ತಾಯಿಗೆ ಓದು ಬಾರದು. ಆದರೆ ಹತ್ತಿಯ ತೂಕದಲ್ಲಿ ಆಕೆಯನ್ನು ಯಾರೂ ಮೋಸಗೊಳಿಸಲಾರರು. ಮಗಳು ಒಂದೊಂದು ವಾರಕ್ಕೆ ಒಂದೊಂದು ಕಾಳುಗುಂಪನ್ನು ಮಾಡಿ ತೋರಿಸಿದಳಂತೆ. ಉಳಿದ ಕಂತುಗಳನ್ನು ಕಟ್ಟಿ ಮುಗಿಸದೆ ಗತಿಯಿರಲಿಲ್ಲ, ಮುಗಿಸಿದರು. ಎರಡನೆಯ ಸಾಲವನ್ನು ಅದೇ ಮನುಷ್ಯನು ಬಾಗಿಲಿಗೇ ತಂದಾಗ ತಾಯಿಯು ಬೇಡವೆಂದು, ಓಣಿಯ ಹೆಣ್ಣುಮಕ್ಕಳ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ ತೆಗೆದಳು. ಅದೂ ಅಗ್ಗವಲ್ಲ, ವರ್ಷಕ್ಕೆ ಇಪ್ಪತ್ತನಾಲ್ಕು. ಆದರೂ ಹುಡುಗಿ ಸಂಕ್ರಾಂತಿಯ ನಂತರವೂ ಶಾಲೆಗೆ ಬಂದಳು, ಹತ್ತನೆಯ ತರಗತಿಯನ್ನು ಮುಗಿಸಿದಳು. ೨೦೨೫ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲಲ್ಲಿ ನಿಂತವನು ಹದಿನೈದು ಎಂದಾಗ ಅದು ಎಷ್ಟೆಂದು ಲೆಕ್ಕ ಹಾಕುವ ಕೆಲಸ ಮನೆಯವರಿಗೇ ಉಳಿದಿದೆ.

ಈಗಿನ ಕಾಲದ ದೊಡ್ಡ ಗಡಿಗೆಯು ಕಿಸೆಯಲ್ಲಿರುವ ಫೋನು. ನಮ್ಮಲ್ಲಿ ಕಲಿತು, ಈಗ ಬೆಂಗಳೂರಿನಲ್ಲಿ ಸಣ್ಣ ಸಂಬಳದ ಮೇಲಿರುವ ಒಬ್ಬನು ಹೋದ ದಸರೆಗೆ ಬಂದಿದ್ದಾಗ, ಆಪ್ಷನ್ಸ್ ಎಂಬ ವ್ಯಾಪಾರದಲ್ಲಿ ಎಂಬತ್ತು ಸಾವಿರ ಕಳೆದುಕೊಂಡುದನ್ನು ತಲೆ ತಗ್ಗಿಸಿ ಹೇಳಿದನು. ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೨೦೨೧-೨೨ರಿಂದ ಮೂರು ವರ್ಷಗಳಲ್ಲಿ ಈ ಬಗೆಯ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ ೯೩ ಮಂದಿ ಹಣ ಕಳೆದುಕೊಂಡರು. ಕಳೆದ ಮೊತ್ತವು ೧.೮ ಲಕ್ಷ ಕೋಟಿ ರೂಪಾಯಿಗೂ ಮೇಲೆ. ಅವನಿಗೆ ಈ ಅಂಕಿ ಗೊತ್ತಿತ್ತು! "ನಾನು ಆ ಏಳರಾಗ ಅದೀನಿ ಅನಕೊಂಡಿದ್ದೆ ಸರ್" ಎಂದನು. ಇದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಕಿರ್ದಿ ಬರೆಯುತ್ತಿದ್ದೆಯೋ ಎಂದು ಕೇಳಿದೆವು. ಫೋನಿನಲ್ಲಿಯೇ ಎಲ್ಲ ಇರುತ್ತದೆಂದನು. ಕೊಳ್ಳುವ ಮೊದಲು ಕಾರಣವನ್ನು ಕೈಯಿಂದ ಒಂದು ವಾಕ್ಯ ಬರೆಯಬೇಕಾಗಿದ್ದರೆ ಅವನು ಆ ವಾಕ್ಯವನ್ನು ಏನೆಂದು ಬರೆಯುತ್ತಿದ್ದನೋ!

ಇಂಥ ಆಟವನ್ನು ಫೋನಿನಲ್ಲಿ ಆಡಿಸುವ ಕೆಲವರು ಬಹುಮಾನದ ಹಣವನ್ನು ಕೂಡ ಕೊಡುತ್ತಿದ್ದುದರಿಂದ ಸೆಬಿಯು ಧಾರಣೆಗಳ ಬಳಕೆಯನ್ನು ಬಿಗಿ ಮಾಡಿತು. ೨೦೨೫ರ ಜನವರಿಯಲ್ಲಿ, ಕೇವಲ ಶಿಕ್ಷಣದ ಕೆಲಸ ಮಾಡುವವರು ಹಿಂದಿನ ಮೂರು ತಿಂಗಳ ಧಾರಣೆಗಳನ್ನು ಬಳಸಬಾರದೆಂದು ಸೂಚಿಸಿತು. ನಮ್ಮ ಅಭಿಪ್ರಾಯದಲ್ಲಿ ಮನೆಯ ಆಟಕ್ಕೆ ಇದರಿಂದ ಕೊರತೆಯಿಲ್ಲ. ಅಟ್ಟದ ಮೇಲಿನ ಹಳೆಯ ಪತ್ರಿಕೆಗಳ ಕಟ್ಟೊಂದಿದ್ದರೆ ಮೂರು ವರ್ಷಗಳ ಹಿಂದಿನ ಪೇಟೆಯನ್ನು ವಾರ ವಾರ ಬಿಚ್ಚುತ್ತ ಆಡಬಹುದು. ಮುಂದಿನ ಹಾಳೆಯನ್ನು ತಂದೆತಾಯಿಗಳು ಬಚ್ಚಿಟ್ಟರೆ ಸಾಕು.

ಮನೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿರುವ ವಾಚಕರು ಬೇಕಾದರೆ ಹೀಗೆ ಮಾಡಿ ನೋಡಬಹುದು. ಷೇರಿನಿಂದ ಆರಂಭಿಸುವದು ಬೇಡ. ಮನೆಯ ಸಾಲದ ಕಾಗದವೊಂದನ್ನು, ಬಂಗಾರದ ಅಡವಿನದಾಗಲಿ ಟ್ರಾಕ್ಟರಿನದಾಗಲಿ, ಮಗುವಿನ ಕೈಗೆ ಕೊಟ್ಟು ವರ್ಷದ ಬಡ್ಡಿಯನ್ನು ಲೆಕ್ಕ ಮಾಡಿಸಿರಿ. ಮಕ್ಕಳ ಮುಂದೆ ಸಾಲದ ಮಾತು ಆಡಬಾರದೆಂಬ ಸಂಕೋಚವನ್ನು ಅರ್ಧ ಗಂಟೆಯ ಮಟ್ಟಿಗೆ ಬದಿಗಿಡಿರಿ. ಬಳಿಕ ನೂರು ಪುಟದ ಒಂದು ಪುಸ್ತಕ. ತೊಗರಿಗೆ ೨೦೨೫-೨೬ರ ಬೆಂಬಲ ಬೆಲೆ ಕ್ವಿಂಟಲಿಗೆ ೮,೦೦೦ ರೂಪಾಯಿ ಎಂದು ಗೊತ್ತಾಗಿತ್ತು. ಅದನ್ನು ಮೊದಲ ಪುಟದ ನೆತ್ತಿಯಲ್ಲಿ ಬರೆಯಿಸಿ, ಅದರ ಕೆಳಗೆ ಪ್ರತಿ ಶನಿವಾರ ನಿಮ್ಮ ಊರಿನ ಪೇಟೆಯ ಧಾರಣೆಯನ್ನೂ, ಎದುರಿಗೆ ಅದು ಏರಿದ್ದಕ್ಕೋ ಇಳಿದದ್ದಕ್ಕೋ ಮಗುವಿಗೆ ತೋಚಿದ ಕಾರಣವನ್ನೂ ಬರೆಯಿಸಿರಿ. ತಪ್ಪಿದ್ದರೆ ತಿದ್ದಬೇಡಿರಿ, ನಾಲ್ಕು ವಾರಗಳಲ್ಲಿ ಅದೇ ತಿದ್ದಿಕೊಳ್ಳುತ್ತದೆ.